ಸೀಲ್ ಇರುವ ಡಾಲರ್ ನಾಣ್ಯದ ರೋಲ್‌ಗಳು: ಬಿಚ್ಚಬೇಕಾ, ಹಾಗೇ ಇಡಬೇಕಾ?

ರಾರಿಟನ್ ತೀರ:
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಮ್ಮ ದೊಡ್ಡಪ್ಪ ಇಲ್ಲಿದ್ದಷ್ಟು ಕಾಲ ಒಂದು ಡಾಲರ್ ನಾಣ್ಯಗಳನ್ನು ರೋಲ್‌ಗಟ್ಟಲೆ (25 ನಾಣ್ಯ ಸೇರಿಸಿ ಕಾಗದದಲ್ಲಿ ಸುತ್ತಿದ ಕಟ್ಟು) ತಂದು ಎತ್ತಿಡುತ್ತಿದ್ದರು. ಈಗ ಮೈಸೂರಿಗೆ ವಾಪಸ್ ಹೋಗಿದ್ದಾರೆ. ಪೆಟ್ಟಿಗೆ ನನ್ನ ಹತ್ತಿರ ಇದೆ. "ನಿನಗೇ ಬಿಟ್ಟಿದ್ದು, ಬಿಚ್ಚಿದ್ರೂ ಸರಿ, ಇಟ್ಟುಕೊಂಡ್ರೂ ಸರಿ" ಅಂದಿದ್ದಾರೆ.

ಅದರಲ್ಲಿ ಇರೋದು: 2007ರಲ್ಲಿ ಬ್ಯಾಂಕಿನಿಂದ ತಂದ, ಅಮೆರಿಕದ ಅಧ್ಯಕ್ಷರ ಮುಖವಿರುವ ಡಾಲರ್ ಸರಣಿಯ ಜಾರ್ಜ್ ವಾಷಿಂಗ್ಟನ್ ಮತ್ತು ಜಾನ್ ಆಡಮ್ಸ್ ರೋಲ್‌ಗಳು, ಎಲ್ಲಾ ಸಾದಾ ಕಾಗದದಲ್ಲಿ. 2000ದ ಸಕಾಗವೇಯಾ (ಅಮೆರಿಕದ ಮೂಲನಿವಾಸಿ ಮಹಿಳೆ) ಮುಖದ ಡಾಲರ್ ರೋಲ್‌ಗಳು. ಟಂಕಸಾಲೆಯವರೇ ಸುತ್ತಿ ಮಾರಿದ 2012ರ ಕೆಲವು ರೋಲ್‌ಗಳು. ಕೊನೆಗೆ ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಬೆಳ್ಳಿ ಡಾಲರ್‌ಗಳ ಒಂದು ರೋಲ್. ಯಾವುದನ್ನೂ ಯಾರೂ ಬಿಚ್ಚಿಲ್ಲ.

ಮಗಳು ಈಗಲೇ ಬಿಚ್ಚೋಣ ಅಂತಾಳೆ. ಮನೆಯವರು ಸೀಲ್ ಇದ್ದರೇ ಬೆಲೆ ಅಂತಾರೆ. ಗೊತ್ತಿರೋರು ಹೇಳಿ.

ಹಳೇ ರೊಕ್ಕ:
ಬಿಚ್ಚಬೇಡಿ. ಬಿಚ್ಚಿದ ಕೂಡಲೇ ಅದು ಬರೀ 25 ಡಾಲರ್ ಚಿಲ್ಲರೆ. ಸೀಲ್ ಇರೋ ರೋಲ್ ಕೊಳ್ಳುವವನು ಒಳಗೆ ಏನಿರಬಹುದು ಅನ್ನೋ ಆಸೆಗೂ ಸೇರಿಸಿ ದುಡ್ಡು ಕೊಡ್ತಾನೆ. ಕಾಗದ ಹರಿದ ಮೇಲೆ ಆ ಆಸೆ ಹೋಯ್ತು, ಮತ್ತೆ ಅಂಟಿಸೋಕೆ ಆಗಲ್ಲ. ಟೆಕ್ಸಾಸ್‌ನಲ್ಲಿ ಕೂತು ಎಷ್ಟೋ ವರ್ಷದಿಂದ ಇದನ್ನೇ ನೋಡ್ತಾ ಬಂದಿದ್ದೇನೆ. ಇವತ್ತು ಇಡೋದು ಸುಲಭ, ನಾಳೆ ಬೇಕಾದ್ರೆ ಬಿಚ್ಚಬಹುದು. ತಿರುಗಾಮುರುಗಾ ಆಗಲ್ಲ, ಅಲ್ವಾ?

ನಾಣ್ಯಪೆಟ್ಟಿಗೆ:
ಎಲ್ಲಾ ರೋಲ್‌ಗೂ ಒಂದೇ ಉತ್ತರ ಇಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಈ ರೋಲ್ ಸುತ್ತಿದ್ದು ಯಾರು?

ಬ್ಯಾಂಕಿನಲ್ಲಿ ಸಿಗೋ ರೋಲ್‌ಗಳನ್ನು ಟಂಕಸಾಲೆ ಸುತ್ತೋದಿಲ್ಲ. ನಾಣ್ಯಗಳು ದೊಡ್ಡ ಚೀಲಗಳಲ್ಲಿ ಹೊರಗೆ ಹೋಗುತ್ತವೆ. ಖಾಸಗಿ ಕಂಪನಿಗಳು ಯಂತ್ರದಲ್ಲಿ ಇಪ್ಪತ್ತೈದಿಪ್ಪತ್ತೈದು ಎಣಿಸಿ ಕಾಗದ ಸುತ್ತುತ್ತವೆ. ಒಳಗಿನ ನಾಣ್ಯವನ್ನು ಒಂದೊಂದಾಗಿ ಯಾರೂ ನೋಡಿರೋದಿಲ್ಲ. ಟಂಕಸಾಲೆ ತಾನೇ ಸಂಗ್ರಾಹಕರಿಗೆ ಅಂತ ಮಾರುವ ರೋಲ್ ಬೇರೆ. ಅದರ ಸುತ್ತಿನ ಮೇಲೆ ಯಾವ ಅಧ್ಯಕ್ಷ, ಯಾವ ಟಂಕಸಾಲೆ ಅಂತ ಅಚ್ಚಾಗಿರುತ್ತದೆ.

ಇದು ಯಾಕೆ ಮುಖ್ಯ ಅಂದ್ರೆ, ಅಧ್ಯಕ್ಷರ ಡಾಲರ್‌ನಲ್ಲಿ ಇಸವಿ ಮತ್ತು ಟಂಕಸಾಲೆಯ ಗುರುತು ಮುಖದ ಮೇಲೂ ಇಲ್ಲ, ಹಿಂಬದಿಯಲ್ಲೂ ಇಲ್ಲ. ನಾಣ್ಯದ ಅಂಚಿನಲ್ಲಿ ಒತ್ತಿದ್ದಾರೆ. ಫಿಲಡೆಲ್ಫಿಯಾದ್ದಾದರೆ ಪಿ, ಡೆನ್ವರ್‌ದಾದರೆ ಡಿ. ಸಾದಾ ಕಾಗದದ ರೋಲ್‌ನ ಎರಡು ತುದಿಯಲ್ಲಿ ನಿಮಗೆ ಕಾಣೋದು ಮುಖವೋ ಬೆನ್ನೋ, ಅಷ್ಟೇ. ಅಂಚು ಪೂರ್ತಿ ಕಾಗದದೊಳಗೆ. ಅಂದರೆ ನಿಮ್ಮ ವಾಷಿಂಗ್ಟನ್ ರೋಲ್ ಯಾವ ಊರಿನದು ಅನ್ನೋದೇ ಬಿಚ್ಚದೆ ಗೊತ್ತಾಗಲ್ಲ.

ನೋಡಬೇಕಾದ ತಪ್ಪು ಇರೋದೂ ಅದೇ ಅಂಚಿನಲ್ಲಿ. ವಾಷಿಂಗ್ಟನ್ ಡಾಲರ್ 2007ರ ಫೆಬ್ರವರಿ 15ರಂದು ಬಿಡುಗಡೆ ಆಯ್ತು. ಆಗ ಅಂಚಿನ ಅಕ್ಷರ ಹಾಕೋದು ಪ್ರತ್ಯೇಕ ಕೆಲಸ. ಮುಖ, ಬೆನ್ನು ಅಚ್ಚಾದ ನಾಣ್ಯಗಳನ್ನು ತೊಟ್ಟಿಯಲ್ಲಿ ತುಂಬಿ ಇನ್ನೊಂದು ಯಂತ್ರಕ್ಕೆ ಒಯ್ಯಬೇಕಿತ್ತು. ಕೆಲವು ಆ ಯಂತ್ರಕ್ಕೆ ಹೋಗದೆಯೇ ಹೊರಗೆ ಬಿದ್ದವು. ಅಂಚು ಬೋಳಾದ ವಾಷಿಂಗ್ಟನ್ ನಾಣ್ಯಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿವೆ. 'ದೇವರಲ್ಲಿ ನಮ್ಮ ನಂಬಿಕೆ' ಅನ್ನೋ ಸಾಲು ಆಗ ಅಂಚಿನಲ್ಲೇ ಇದ್ದದ್ದರಿಂದ ಪತ್ರಿಕೆಗಳು ಅದನ್ನು ದೇವರಿಲ್ಲದ ಡಾಲರ್ ಅಂದವು. 2009ರಿಂದ ಆ ಸಾಲನ್ನು ಮುಖದ ಮೇಲೆ ತಂದರು. ಜಾನ್ ಆಡಮ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ ತಪ್ಪೂ ಆಗಿದೆ: ಒಂದೇ ನಾಣ್ಯ ಯಂತ್ರಕ್ಕೆ ಎರಡು ಸಲ ಹೋಗಿ ಅಕ್ಷರದ ಮೇಲೆ ಅಕ್ಷರ ಬಿದ್ದಿದೆ.

ತೊಟ್ಟಿಗಟ್ಟಲೆ ತಪ್ಪಿಹೋದದ್ದರಿಂದ ಇವು ಗುಂಪುಗುಂಪಾಗಿ ಸಿಗುತ್ತವೆ. ಒಂದು ಸಿಕ್ಕಿದರೆ ಅದೇ ರೋಲ್‌ನಲ್ಲಿ ಇನ್ನೂ ಇರೋ ಸಾಧ್ಯತೆ ಹೆಚ್ಚು. ನಿಮ್ಮ ಹತ್ತಿರ ಇರೋದು ಸರಿಯಾಗಿ ಅದೇ ಎರಡು ಹೆಸರು. ಹಾಗಾಗಿ ನನ್ನ ಅಭಿಪ್ರಾಯ: 2007ರ ಬ್ಯಾಂಕ್ ರೋಲ್ ಬಿಚ್ಚಿ. ಟಂಕಸಾಲೆಯ ಸುತ್ತು ಇರೋ 2012ರದ್ದು ಹಾಗೇ ಇಡಿ. ಅಲ್ಲಿ ಕಾಗದಕ್ಕೆ ಹೇಳೋಕೆ ಏನೋ ಇದೆ. ಸಾದಾ ಕಾಗದಕ್ಕೆ ಏನೂ ಇಲ್ಲ.

ಹಳೇ ರೊಕ್ಕ:
ಬೋಳು ಅಂಚಿನದ್ದು ಸಿಕ್ಕೇ ಸಿಗುತ್ತೆ ಅನ್ನೋ ಹಾಗೆ ಬರೀತಿದ್ದೀರಲ್ಲ ಸರ್. ಎಷ್ಟು ಕೋಟಿ ನಾಣ್ಯ ಮಾಡಿದ್ದಾರೆ!

ನಾಣ್ಯಪೆಟ್ಟಿಗೆ:
ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ. ಬಹಳ ಮಟ್ಟಿಗೆ ಸಿಗೋದಿಲ್ಲ. ವಾಷಿಂಗ್ಟನ್ ಒಂದೇ ಎರಡೂ ಟಂಕಸಾಲೆ ಸೇರಿ 34 ಕೋಟಿ ದಾಟಿದೆ. ಆದರೆ ಅದೇ ಸಂಖ್ಯೆ ನಿಮ್ಮ ವಾದಕ್ಕೂ ಅಡ್ಡ ಬರುತ್ತದೆ. ಇಷ್ಟು ಕೋಟಿ ಇರೋ ನಾಣ್ಯದ ಸಾದಾ ರೋಲ್ ಯಾವಾಗ ಅಪರೂಪ ಆಗಬೇಕು? ಜನ ಬಳಸದೆ ಬ್ಯಾಂಕಿಗೆ ವಾಪಸ್ ಬಂದು, 2011ರ ಕೊನೆಗೆ ಅಲ್ಲಿನ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಖಜಾನೆಗಳಲ್ಲಿ ಸುಮಾರು 140 ಕೋಟಿ ಡಾಲರ್ ನಾಣ್ಯ ಸುಮ್ನೆ ಕೂತಿದ್ದವು. ಆ ಡಿಸೆಂಬರ್‌ನಲ್ಲಿ ಖಜಾನೆ ಕಾರ್ಯದರ್ಶಿ ಟಿಮೊಥಿ ಗೈಟ್ನರ್ ಚಲಾವಣೆಗೆ ಅಂತ ಮಾಡೋದನ್ನೇ ನಿಲ್ಲಿಸಿದರು. ಅಲ್ಲಿಂದ ಮುಂದಿನದ್ದೆಲ್ಲ ಸಂಗ್ರಾಹಕರಿಗೆ ಮಾತ್ರ. 2012ರ ಅಧ್ಯಕ್ಷ ಚೆಸ್ಟರ್ ಆರ್ಥರ್ ನಾಣ್ಯದಿಂದ ಸಂಖ್ಯೆ ಕೋಟಿಗಳಿಂದ ಕೆಲವು ದಶಲಕ್ಷಕ್ಕೆ ಇಳಿಯಿತು. ಇಡಬೇಕು ಅನ್ನೋದಾದರೆ ಆ ಕಡೆಯದ್ದು ಇಡಬೇಕು.

ಇನ್ನೊಂದು ಲೆಕ್ಕ. 2007ರಲ್ಲಿ 25 ಡಾಲರ್‌ಗೆ ಸಿಗುತ್ತಿದ್ದ ಸಾಮಾನಿಗೆ ಇವತ್ತು 37 ಡಾಲರ್‌ಗಿಂತ ಜಾಸ್ತಿ ಬೇಕು. ಸಾದಾ ರೋಲ್ ಅದನ್ನು ಹಿಡಿದಿಲ್ಲ. ಮಾರೋಕೆ ಹೋದರೆ ವೆಬ್‌ಸೈಟ್‌ನವರ ಕಮಿಷನ್, ಇನ್ನೂರು ಗ್ರಾಂ ತೂಕದ ಅಂಚೆ ಖರ್ಚು. ಕಳೆದು ನೋಡಿದರೆ ಕೈಗೆ ಮುಖಬೆಲೆ ಉಳಿದರೆ ಪುಣ್ಯ.

ಬೇ ಏರಿಯಾ ಅಮ್ಮ:
ನಾನು ದುಡ್ಡಿನ ಮಾತು ಬಿಟ್ಟು ಹೇಳ್ತೀನಿ. ಮಗಳು ಬಿಚ್ಚೋಣ ಅಂತಿದ್ದಾಳಲ್ಲ, ಅದನ್ನು ಹಗುರವಾಗಿ ತಗೋಬೇಡಿ. ನಮ್ಮ ಮನೇಲಿ ಮಕ್ಕಳು ಅಮೆರಿಕದ ಅಧ್ಯಕ್ಷರ ಸಾಲನ್ನು ಕಲಿತದ್ದು ಈ ನಾಣ್ಯಗಳಿಂದ. 2012ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ ಎರಡು ಬೇರೆ ಬೇರೆ ನಾಣ್ಯ ಇದೆ. ಒಬ್ಬರಿಗೇ ಎರಡು ಯಾಕೆ ಅಂತ ಚಿಕ್ಕವನು ಕೇಳಿದ. ಗೆದ್ದು, ಸೋತು, ಮತ್ತೆ ಗೆದ್ದು 22ನೇ ಮತ್ತು 24ನೇ ಅಧ್ಯಕ್ಷ ಆದ ಕಥೆ ಅಲ್ಲಿಂದ ಶುರುವಾಯ್ತು. ಪಾಠದ ಪುಸ್ತಕ ತೆರೆಯೋ ಮೊದಲೇ ಅವನಿಗೆ ಅದು ಗೊತ್ತಿತ್ತು.

ಒಂದು ಸಣ್ಣ ಕೆಲಸ ಮಗಳಿಗೆ ಕೊಡಿ. ಅಧ್ಯಕ್ಷರ ಮುಖ ಮೇಲೆ ಮಾಡಿ ನಾಣ್ಯ ಮೇಜಿನ ಮೇಲಿಟ್ಟು ಅಂಚು ಓದಬೇಕು. ಕೆಲವದರಲ್ಲಿ ಅಕ್ಷರ ನೇರ, ಕೆಲವದರಲ್ಲಿ ತಲೆಕೆಳಗು. ತಲೆಕೆಳಗಾದ್ದಕ್ಕೆ ಎ, ನೇರವಾದ್ದಕ್ಕೆ ಬಿ ಅಂತ ಹೆಸರು. ಅಂಚಿನ ಯಂತ್ರಕ್ಕೆ ನಾಣ್ಯ ಹೇಗೆ ಬಿತ್ತೋ ಹಾಗೆ, ಯಾವ ಲೆಕ್ಕವೂ ಇಲ್ಲ. ಬೆಲೆ ಏನೂ ಹೆಚ್ಚಲ್ಲ, ಆದರೆ ಪ್ರತಿ ಅಧ್ಯಕ್ಷರದ್ದೂ ಎರಡೆರಡು ಜೋಡಿಸೋಕೆ ಮಕ್ಕಳಿಗೆ ತುಂಬಾ ಇಷ್ಟ.

ರಾರಿಟನ್ ತೀರ:
ಅಕ್ಕಾ, ಇದು ನಿಜವಾಗ್ಲೂ ಚೆನ್ನಾಗಿದೆ. ನಾಣ್ಯಪೆಟ್ಟಿಗೆ ಸರ್, ಒಂದು ಪ್ರಶ್ನೆ. ತೂಕ ಮಾಡಿ ಅಥವಾ ಇನ್ನೇನಾದರೂ ಮಾಡಿ ಬಿಚ್ಚದೆ ಬೋಳು ಅಂಚು ಗೊತ್ತು ಮಾಡೋಕೆ ಆಗಲ್ವಾ?

ಭದ್ರಾವತಿ ಕಬ್ಬಿಣ:
ನಾನು ಲೋಹದ ಕೆಲಸದವನು, ಇದಕ್ಕೆ ನಾನೇ ಉತ್ತರ ಕೊಡ್ತೀನಿ. ತೂಕದಿಂದ ಆಗಲ್ಲ. ಅಂಚಿನ ಅಕ್ಷರ ಒತ್ತಿ ಮಾಡಿದ್ದು, ಕೆತ್ತಿ ಲೋಹ ತೆಗೆದದ್ದಲ್ಲ. ಅಕ್ಷರ ಇದ್ದರೂ ಇಲ್ಲದಿದ್ದರೂ ನಾಣ್ಯ 8.1 ಗ್ರಾಂ. 25ಕ್ಕೆ 202.5 ಗ್ರಾಂ, ಅದರ ಮೇಲೆ ಕಾಗದ.

ಆದರೆ ಇದೇ ತೂಕ ಮೋಸ ಹಿಡಿಯೋಕೆ ಉಪಯೋಗಕ್ಕೆ ಬರುತ್ತೆ. ಸರಿಯಾದ ನಾಣ್ಯದ ಅಂಚನ್ನು ಅರದಿಂದ ಉಜ್ಜಿ ಬೋಳು ಮಾಡಿ ಮಾರುವವರಿದ್ದಾರೆ. ಉಜ್ಜಿದರೆ ತೂಕ ಇಳಿಯುತ್ತೆ, 26.5 ಮಿಲಿಮೀಟರ್ ಅಗಲವೂ ಇಳಿಯುತ್ತೆ. ಬಿಡಿ ನಾಣ್ಯ ಕೊಳ್ಳುವಾಗ ಇದೆರಡನ್ನೂ ನೋಡಿ.

ಹಾಗೇ ಇಡೋದು ಸುಲಭ ಅಂತ ಹಳೇ ರೊಕ್ಕ ಅವರು ಅಂದ್ರು. ಅದು ಅಷ್ಟು ಸರಿ ಅಲ್ಲ ಅನ್ನೋದು ನನ್ನ ಅನಿಸಿಕೆ. ಈ ನಾಣ್ಯದ ಒಳಗೆ ತಾಮ್ರ, ಹೊರಗೆ ಮ್ಯಾಂಗನೀಸ್ ಸೇರಿದ ಹಿತ್ತಾಳೆ. ಹೊಸದಾಗಿದ್ದಾಗ ಚಿನ್ನದಂತೆ ಕಾಣುತ್ತೆ. ತೇವ ತಾಗಿದರೆ ಬೇಗ ಕಂದು ಕಲೆ ಬೀಳುತ್ತೆ. ನ್ಯೂಜೆರ್ಸಿಯ ಮನೆಗಳ ಬೇಸ್‌ಮೆಂಟ್ ಬೇಸಿಗೆಯಲ್ಲಿ ಎಷ್ಟು ತೇವ ಅಂತ ನಿಮಗೇ ಗೊತ್ತು. ಸುತ್ತಿನ ಕಾಗದವೂ ತೇವ ಹೀರುತ್ತೆ, ಅದರಲ್ಲಿ ಗಂಧಕದ ಅಂಶ ಇದ್ದರೆ ನಾಣ್ಯದ ಬಣ್ಣ ಕೆಡುತ್ತೆ. ಒಳಗೆ ಏನಾಗ್ತಿದೆ ಅಂತ ಕಾಣೋದೇ ಇಲ್ಲ. ಇಡೋದಾದರೆ ಮಲಗೋ ಕೋಣೆಯ ಬೀರುವಿನಲ್ಲಿ, ಗಾಳಿ ಆಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಿಚ್ಚಿದ ಮೇಲೂ ಪಿವಿಸಿ ಇರುವ ಮೆತ್ತನೆ ಪ್ಲಾಸ್ಟಿಕ್ ಪಾಕೆಟ್ ಬೇಡ, ಅದು ಹಸಿರು ಜಿಡ್ಡು ಬಿಡುತ್ತೆ. ಕಲೆ ಬಿದ್ದ ನಾಣ್ಯವನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯವನ್ನು ಯಾವ ಸಂಗ್ರಾಹಕನೂ ಮುಟ್ಟಲ್ಲ.

ಸಬ್‌ವೇ ಸವಾರ:
ಇಷ್ಟೊಂದು ಚರ್ಚೆ ಯಾಕೆ? ಖರ್ಚು ಮಾಡಿ. ನ್ಯೂಯಾರ್ಕ್ ಸಬ್‌ವೇಯ ಟಿಕೆಟ್ ಯಂತ್ರಗಳು ಚಿಲ್ಲರೆ ಕೊಡುವಾಗ ಇದೇ ನಾಣ್ಯ ಉದುರಿಸುತ್ತಿದ್ದವು. ಆಮೇಲೆ ಅದನ್ನು ಅಂಗಡಿಯಲ್ಲಿ ಕೊಟ್ಟರೆ ಹುಡುಗ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ನಾಣ್ಯಪೆಟ್ಟಿಗೆ:
ಅಮೆರಿಕದವರು ಬಳಸಲಿಲ್ಲ, ಆದರೆ ಈಕ್ವೆಡಾರ್‌ನಲ್ಲಿ ಬಳಸ್ತಾರೆ. 2000ದಲ್ಲಿ ಆ ದೇಶ ಡಾಲರನ್ನೇ ತನ್ನ ಹಣ ಮಾಡಿಕೊಂಡಿತು. ಸಕಾಗವೇಯಾ ನಾಣ್ಯ ಅಲ್ಲಿ ದಿನನಿತ್ಯ ಕೈಯಿಂದ ಕೈಗೆ ಹೋಗುತ್ತೆ.

ಕೆಂಗೇರಿ ಓದುಗ:
ಬೆಂಗಳೂರಿನಿಂದ ಬರೀತಿದ್ದೇನೆ. ದೊಡ್ಡಪ್ಪನವರಿಗೇ ಕಳಿಸಿಕೊಡಬಹುದಲ್ಲ? ಮೈಸೂರಿನಲ್ಲಿ ಇವಕ್ಕೆ ಬೆಲೆ ಸಿಗಲ್ವಾ?

ನಾಣ್ಯಪೆಟ್ಟಿಗೆ:
ನೆನಪಿಗೆ ಒಂದೆರಡು ಒಯ್ದು ಕೊಟ್ಟರೆ ಚಂದ. ಭಾರತದಲ್ಲಿ ವಿದೇಶಿ ನಾಣ್ಯ ಇಟ್ಟುಕೊಳ್ಳೋಕೆ ಮಿತಿ ಇಲ್ಲ, ನೋಟಿಗೆ ಮಾತ್ರ ಮಿತಿ. ಆದರೆ ಹಣ ಬದಲಾಯಿಸಿಕೊಡುವವರು ಸಾಮಾನ್ಯವಾಗಿ ನೋಟು ಮಾತ್ರ ತಗೋತಾರೆ, ನಾಣ್ಯ ಮುಟ್ಟಲ್ಲ. ಇಲ್ಲಿ ಯಾವ ಬ್ಯಾಂಕಿನಲ್ಲಾದರೂ ಡಾಲರ್‌ಗೆ ಡಾಲರ್ ಸಿಗೋದು ಅಲ್ಲಿ ಆಟದ ಸಾಮಾನಾಗುತ್ತೆ. ದುಡ್ಡಿನ ಲೆಕ್ಕದಲ್ಲಿ ಕಳಿಸೋದು ಬೇಡ.

ರಾರಿಟನ್ ತೀರ:
ಸಕಾಗವೇಯಾ ಬಗ್ಗೆ ಯಾರೂ ಹೇಳಲಿಲ್ಲ. ಬೆಳಗಿನ ತಿಂಡಿಯ ಸೀರಿಯಲ್ ಡಬ್ಬದಲ್ಲಿ ಸಿಕ್ಕ ನಾಣ್ಯಕ್ಕೆ ಸಾವಿರಾರು ಡಾಲರ್ ಅಂತ ಓದಿದೆ. ಅಂಚು ಬೋಳಾಗಿದ್ದರೆ ಅದೂ ತಪ್ಪಿನ ನಾಣ್ಯವೇ?

ನಾಣ್ಯಪೆಟ್ಟಿಗೆ:
ಒಳ್ಳೆಯ ಪ್ರಶ್ನೆ. ಇಲ್ಲಿ ಬಹಳ ಜನ ಗೊಂದಲ ಮಾಡ್ಕೋತಾರೆ. 2000ದಿಂದ 2008ರವರೆಗಿನ ಸಕಾಗವೇಯಾ ನಾಣ್ಯಕ್ಕೆ ಅಂಚು ಬೋಳಾಗೇ ಇರಬೇಕು. ಇಸವಿ ಮುಖದ ಮೇಲಿದೆ. 2009ರಲ್ಲಿ ಹಿಂಬದಿಯ ಚಿತ್ರ ಪ್ರತಿವರ್ಷ ಬದಲಾಗೋಕೆ ಶುರುವಾದಾಗ ಇಸವಿ ಅಂಚಿಗೆ ಹೋಯ್ತು. ಅಲ್ಲಿಂದ ಮುಂದೆ ಬೋಳು ಅಂಚು ತಪ್ಪು.

ನೀವು ಓದಿದ್ದು ಚೀರಿಯೋಸ್ ಡಬ್ಬಗಳ ಕಥೆ. 2000ದಲ್ಲಿ ಪ್ರಚಾರಕ್ಕೆ ಅಂತ 5,500 ಡಬ್ಬಗಳಲ್ಲಿ ಈ ಡಾಲರ್ ಹಾಕಿದ್ದರು. ಅದರಲ್ಲಿ ಹದ್ದಿನ ಬಾಲದ ಗರಿಗಳು ಹೆಚ್ಚು ವಿವರವಾಗಿ ಮೂಡಿವೆ. ಅದು ಬೇರೆ ಅಚ್ಚು ಅಂತ ಸಂಗ್ರಾಹಕರಿಗೆ ಗೊತ್ತಾದದ್ದೇ 2005ರಲ್ಲಿ. ಅವು ಡಬ್ಬಕ್ಕೆ ಅಂತ ಹೋದವು. ಬ್ಯಾಂಕ್ ರೋಲ್‌ನಲ್ಲಿ ಹುಡುಕಬೇಡಿ.

ರೋಲ್‌ನಲ್ಲೇ ಸಿಕ್ಕಿದ್ದು ಬೇರೊಂದಿದೆ. ಒಂದು ಕಡೆ ಕ್ವಾರ್ಟರ್ (25 ಸೆಂಟ್) ನಾಣ್ಯದ ವಾಷಿಂಗ್ಟನ್ ಮುಖ, ಇನ್ನೊಂದು ಕಡೆ ಸಕಾಗವೇಯಾ ಡಾಲರ್‌ನ ಹಾರುವ ಹದ್ದು. ಎರಡು ನಾಣ್ಯಗಳ ಅಚ್ಚು ಒಂದೇ ಯಂತ್ರದಲ್ಲಿ ಕೂತು ಹುಟ್ಟಿದ ತಪ್ಪು. ಮೊದಲನೆಯದು 2000ದಲ್ಲಿ ಅರ್ಕನ್ಸಾಸ್‌ನ ಮೌಂಟನ್ ಹೋಮ್ ಅನ್ನೋ ಊರಿನಲ್ಲಿ, ಬ್ಯಾಂಕಿನ ಹೊಸ ರೋಲ್ ಬಿಚ್ಚಿದವರ ಕೈಗೆ ಸಿಕ್ಕಿತು. ಇವತ್ತಿಗೂ ಇಪ್ಪತ್ತರ ಆಸುಪಾಸು ಮಾತ್ರ ಗೊತ್ತಿವೆ. ನಿಮ್ಮ ರೋಲ್‌ನಲ್ಲಿ ಇರುತ್ತೆ ಅಂತ ಆಸೆ ಹುಟ್ಟಿಸೋಕೆ ಇದನ್ನು ಹೇಳ್ತಿಲ್ಲ. ಬಿಚ್ಚಿದರೆ ಅಂಚು ಮಾತ್ರ ಅಲ್ಲ, ಎರಡೂ ಮುಖ ನೋಡಿ ಅನ್ನೋಕೆ ಹೇಳ್ತಿದ್ದೇನೆ.

ಹಳೇ ರೊಕ್ಕ:
ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸೂಸನ್ ಬಿ. ಆಂಟನಿ ಮುಖದ ಡಾಲರ್ ಇಟ್ಟವರಿಗೂ ಒಂದು ಮಾತು. 1979ರ ಫಿಲಡೆಲ್ಫಿಯಾದ ನಾಣ್ಯದಲ್ಲಿ ಎರಡು ಬಗೆ ಇದೆ. ಇಸವಿ ಅಂಚಿನ ದಿಂಡಿಗೆ (ಮುಖದ ಸುತ್ತ ಎದ್ದಿರುವ ಪಟ್ಟಿಗೆ) ಹತ್ತಿಕೊಂಡಂತೆ ಇದ್ದು ದಿಂಡು ದಪ್ಪ ಇದ್ದರೆ ಅದು ಕಡಿಮೆ ಸಿಗೋದು. ಅಂಥ ರೋಲ್ ಬಿಚ್ಚಿ ನೋಡೋದಕ್ಕೆ ನನ್ನದೂ ಒಪ್ಪಿಗೆ ಇದೆ.

ಈಗ ಬೆಳ್ಳಿ ರೋಲ್ ಬಗ್ಗೆ ಹೇಳಿ. ತುದಿಯಲ್ಲಿ ಏನು ಕಾಣುತ್ತೆ?

ರಾರಿಟನ್ ತೀರ:
ಮಾರ್ಗನ್ ಡಾಲರ್, 20 ನಾಣ್ಯದ ರೋಲ್. ಹಳೇ ಕಾಲದ ಬ್ಯಾಂಕಿನ ಹೆಸರು ಅಚ್ಚಾದ ಕಾಗದ. ಒಂದು ತುದಿಯ ಬೆನ್ನಿನಲ್ಲಿ ಸಿಸಿ ಅಂತ ಇದೆ. ಯಾರೂ ಹುಡುಕಿ ನೋಡಿಲ್ಲದ ರೋಲ್ ಅಂತ ಮಾರಾಟಗಾರರು ಬರೆದಿದ್ದರಂತೆ. ದೊಡ್ಡಪ್ಪ ಬಹಳ ಜಾಸ್ತಿ ಕೊಟ್ಟು ತಗೊಂಡಿದ್ದು.

ಹಳೇ ರೊಕ್ಕ:
ಇದನ್ನು ಮಾತ್ರ ಇವತ್ತೇ ಬಿಚ್ಚಿ. ಸೀಲ್ ಒಡೆಯಬಾರದು ಅನ್ನೋ ನಾನೇ ಹೇಳ್ತಿದ್ದೇನೆ.

ಸಿಸಿ ಅಂದ್ರೆ ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆ. ಎಲ್ಲರಿಗೂ ಬೇಕಾದ್ದು. ರೋಲ್ ತುದಿಯನ್ನು ಮಡಚಿ ಒತ್ತುವ ಯಂತ್ರ ಯಾರು ಬೇಕಾದರೂ ಕೊಳ್ಳಬಹುದು. ಹಳೇ ಬ್ಯಾಂಕಿನ ಹೆಸರು ಕಾಗದದ ಮೇಲೆ ಅಚ್ಚು ಹಾಕೋದೂ ಕಷ್ಟ ಅಲ್ಲ. ಎರಡು ತುದಿಗೆ ಒಳ್ಳೆಯ ನಾಣ್ಯ, ನಡುವೆ ಸವೆದ, ಎಲ್ಲೆಡೆ ಸಿಗುವ 1921ರ ನಾಣ್ಯ ತುಂಬಿ ಮಾರೋದು ಈ ವ್ಯಾಪಾರದಲ್ಲಿ ಹಳೆಯ ಮೋಸ. ಮಾರುವವನಿಗೆ ಒಳಗೆ ಚಿನ್ನದಂಥ ನಾಣ್ಯ ಇರಬಹುದು ಅನ್ನಿಸಿದ್ದರೆ ಅವನೇ ಬಿಚ್ಚಿ ನೋಡುತ್ತಿದ್ದ. ನೂರು ವರ್ಷ ಯಾರೂ ನೋಡದ ಬೆಳ್ಳಿ ರೋಲ್ ಅಂದರೆ ನಾನು ನಂಬಲ್ಲ.

ನಾಣ್ಯಪೆಟ್ಟಿಗೆ:
ಪೂರ್ತಿ ಒಪ್ಪುತ್ತೇನೆ. ಒಳಗೆ ಸಾಮಾನ್ಯ ನಾಣ್ಯ ಇದ್ದರೂ ಬೆಳ್ಳಿಯ ಬೆಲೆ ಎಲ್ಲೂ ಹೋಗಲ್ಲ. ಒಂದು ಮಾರ್ಗನ್ 26.73 ಗ್ರಾಂ, ಅದರಲ್ಲಿ ನೂರಕ್ಕೆ 90 ಭಾಗ ಬೆಳ್ಳಿ. ಇಪ್ಪತ್ತು ಸೇರಿದರೆ ಹದಿನೈದು ಟ್ರಾಯ್ ಔನ್ಸ್‌ಗಿಂತ (ಒಂದು ಟ್ರಾಯ್ ಔನ್ಸ್ ಸುಮಾರು 31 ಗ್ರಾಂ) ಹೆಚ್ಚು ಬೆಳ್ಳಿ. ಹಾಗಾಗಿ ಬಿಚ್ಚಿದರೆ ನಷ್ಟ ಅನ್ನೋ ಮಾತೇ ಇಲ್ಲ, ಬೆಳ್ಳಿ ನಿಜವಾಗಿದ್ದರೆ. ನಿಜವೇ ಅಂತ ಗೊತ್ತಾಗೋಕೂ ಬಿಚ್ಚಲೇಬೇಕು. ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ. ಸವೆದದ್ದು ಸ್ವಲ್ಪ ಕಡಿಮೆ ಬರುತ್ತೆ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿ ಅಲ್ಲ. ಬಿಚ್ಚುವಾಗ ಮೊದಲಿನಿಂದ ಕೊನೆವರೆಗೆ ವಿಡಿಯೋ ತೆಗೆಯಿರಿ, ಮುಂದೆ ಯಾರಿಗಾದರೂ ತೋರಿಸೋಕೆ ಬೇಕಾಗಬಹುದು.

ರಾರಿಟನ್ ತೀರ:
ಸರಿ ಸರ್, ಅದು ಈ ವಾರಾಂತ್ಯವೇ. ಮಿಕ್ಕದ್ದರಲ್ಲಿ ಒಳ್ಳೆಯ ಹೊಳಪಿನ ನಾಣ್ಯ ಸಿಕ್ಕಿದರೆ ಗ್ರೇಡಿಂಗ್‌ಗೆ (ಅಸಲಿತನ, ಸ್ಥಿತಿ ನೋಡಿ ದರ್ಜೆ ಕೊಡುವ ಕಂಪನಿಗೆ) ಕಳಿಸಬೇಕಾ?

ನಾಣ್ಯಪೆಟ್ಟಿಗೆ:
ಹೊಳಪಿಗೆ ಮಾತ್ರ ಅಂತಾದರೆ ಬೇಡ. ಹೋಗಿ ಬರೋ ಖರ್ಚು ಸೇರಿ ಒಂದು ನಾಣ್ಯಕ್ಕೆ ಇಪ್ಪತ್ತು ಡಾಲರ್‌ಗಿಂತ ಜಾಸ್ತಿ ಆಗುತ್ತೆ. ಚೀಲದಲ್ಲಿ ಒಂದಕ್ಕೊಂದು ಬಡಿದು ಬಂದ ನಾಣ್ಯದಲ್ಲಿ ಮುಖದ ಮೇಲೆ ಗೀರು ಇದ್ದೇ ಇರುತ್ತೆ, ದೊಡ್ಡ ಗ್ರೇಡ್ ಬರೋದು ಅಪರೂಪ. ಬೋಳು ಅಂಚಿನದ್ದು ಸಿಕ್ಕಿದರೆ ಕಳಿಸಿ, ಯಾಕೆಂದರೆ ಉಜ್ಜಿದ್ದಲ್ಲ ಅಂತ ಕೊಳ್ಳುವವರಿಗೆ ಭರವಸೆ ಬೇಕು. ವಾಷಿಂಗ್ಟನ್ ಬೋಳು ನಾಣ್ಯಕ್ಕೆ ಮೊದಲ ವಾರಗಳಲ್ಲಿ ನೂರಾರು ಡಾಲರ್ ಕೊಟ್ಟವರಿದ್ದಾರೆ. ಹೆಚ್ಚು ಹೆಚ್ಚು ಸಿಗುತ್ತಾ ಹೋದಂತೆ ಹತ್ತಾರು ಡಾಲರ್‌ಗೆ ಇಳಿಯಿತು. ನಂತರದ ಕೆಲವು ಅಧ್ಯಕ್ಷರ ಬೋಳು ನಾಣ್ಯ ಇದಕ್ಕಿಂತ ಅಪರೂಪ.

ಬಿಚ್ಚುವ ರೀತಿ: ಚಾಕು ಬೇಡ. ತುದಿಯ ಮಡಿಕೆಯನ್ನು ಉಗುರಿನಿಂದ ಎಬ್ಬಿಸಿ ಕಾಗದವನ್ನು ಉದ್ದಕ್ಕೆ ಬಿಡಿಸಿ. ನಾಣ್ಯ ಚೆಲ್ಲದೆ ಸಾಲಾಗಿ ಮೆತ್ತನೆ ಟವೆಲ್ ಮೇಲೆ ಮಲಗಿಸಿ, ಸಾಲನ್ನು ನಿಧಾನ ಉರುಳಿಸುತ್ತಾ ದೀಪದ ಕೆಳಗೆ ಅಂಚು ನೋಡಿ. ಇಪ್ಪತ್ತೈದೂ ಒಟ್ಟಿಗೆ ಕಾಣುತ್ತವೆ. ಬೋಳು ಇದ್ದರೆ ಮಗಳ ಕಣ್ಣಿಗೇ ಮೊದಲು ಬೀಳುತ್ತೆ.

ಬೇ ಏರಿಯಾ ಅಮ್ಮ:
ಮಗಳ ಹೆಸರಿನಲ್ಲಿ ಪ್ರತಿ ಅಧ್ಯಕ್ಷರದ್ದೂ ಒಂದು ಪಿ, ಒಂದು ಡಿ ಎತ್ತಿಡಿ. ಮುಂದೆ ಹೊಸದು ಬೇಕಾದರೆ ಅಮೆರಿಕದ ಆವಿಷ್ಕಾರಗಳ ಡಾಲರ್ ಸರಣಿ ಇದೆ. 2018ರ ಕೊನೆಗೆ ಶುರುವಾದ್ದು, ವರ್ಷಕ್ಕೆ ನಾಲ್ಕರಂತೆ 2032ರವರೆಗೆ ನಡೆಯುತ್ತೆ. 2019ರಲ್ಲಿ ನಿಮ್ಮ ನ್ಯೂಜೆರ್ಸಿಗೆ ಬಂದದ್ದು ವಿದ್ಯುತ್ ಬಲ್ಬು. ಮಕ್ಕಳಿಗೆ ಬಿಡಿ ನಾಣ್ಯ ಸಾಕು, ರೋಲ್ ಬೇಡ.

ರಾರಿಟನ್ ತೀರ:
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಕೂತು ಮಾತಾಡಿದೆವು. ಬೆಳ್ಳಿ ರೋಲ್, ಸಕಾಗವೇಯಾ, 2007ರ ಬ್ಯಾಂಕ್ ರೋಲ್‌ಗಳನ್ನು ಬಿಚ್ಚುತ್ತೇವೆ. 2012ರ ಟಂಕಸಾಲೆ ರೋಲ್‌ಗಳು ಬೇಸ್‌ಮೆಂಟಿನಿಂದ ಮೇಲಿನ ಬೀರುವಿಗೆ ಬಂದಾಯ್ತು. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬಿಚ್ಚುವಾಗ ವಿಡಿಯೋ ಕಾಲ್ ಹಚ್ಚು, ನಾನೂ ನೋಡ್ತೀನಿ ಅಂದರು.

ಹಳೇ ರೊಕ್ಕ:
ಒಂದು ಕೋರಿಕೆ. ಆಡಮ್ಸ್ ರೋಲ್‌ಗಳಲ್ಲಿ ಒಂದನ್ನು ಬಿಚ್ಚದೆ ನನಗೆ ಕೊಡ್ತೀರಾ? ಮುಖಬೆಲೆ, ಅಂಚೆ ಖರ್ಚು ಎರಡೂ ನಾನೇ ಕೊಡ್ತೀನಿ. ಬಿಚ್ಚದೆ ಇಡೋಕೆ ನನಗೊಂದು ಬೇಕು.

ರಾರಿಟನ್ ತೀರ:
ಖಂಡಿತ ಸರ್. ಯಾವ ರೋಲ್ ಅಂತ ಮಗಳೇ ಆರಿಸ್ತಾಳಂತೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳಿಸಿ.